ಕ್ಯಾಲೆಂಡರಿನ ಸಮುದ್ರ

ಎಂಬತ್ತರ ದಶಕದಲ್ಲಿ, ಬಹರೈನಿನ ಹಿದ್ ಎಂಬ ಊರಿನಲ್ಲಿ ನಾನಿದ್ದ ದೋಣಿ ರಿಪೇರಿ ಯಾರ್ಡಿನ ಫೋರ್‌ಮನ್ ನಮ್ಮ ಪುತ್ತೂರು ಕಡೆಯವರು. ಹೊಟ್ಟೆ ಸವರಿಕೊಳ್ಳುತ್ತಾ "ನನಗೆ ಗೊತ್ತಿಲ್ಲದ ಊರುಂಟಾ ಮಾರಾಯ?" ಎನ್ನುವುದು ಅವರ ರೂಢಿ. ಥಾಯ್ಲೆಂಡಿನ ಭೂಗೋಳವನ್ನು ಅವರು ಕಲಿತದ್ದು ಮೆಸ್ಸಿನ ಗೋಡೆಯ ಕ್ಯಾಲೆಂಡರಿನಿಂದ: ಸಮುದ್ರ, ತೆಂಗಿನಮರ, ಒಂದು ದೋಣಿ. ಹಾಗಾಗಿ ಅಲ್ಲಿನ ಹಳ್ಳಿಯೊಂದರಿಂದ ವೆಲ್ಡರ್ ಬಂದ ದಿನವೇ, "ಇವರೆಲ್ಲ ನೀರಲ್ಲೇ ಹುಟ್ಟಿದವರು" ಎಂದು ಅವನನ್ನು ತೇಲುವ ಹಲಗೆಯ ಮೇಲೆ ಕೆಲಸಕ್ಕೆ ಇಳಿಸಿದರು. ಅವನು ಜಾರಿ ಬಿದ್ದು ಮುಳುಗತೊಡಗಿದ. ನಾವು ಹಗ್ಗ ಎಸೆದು ಮೇಲಕ್ಕೆಳೆದೆವು. ತನ್ನ ಜಿಲ್ಲೆಯಲ್ಲಿ ಬರೀ ಒಣಗದ್ದೆ, ಸಮುದ್ರ ನೋಡಿದ್ದೇ ಇಲ್ಲಿ ಎಂದು ಅವನು ಕೆಮ್ಮುತ್ತಾ ಹರಕುಮುರುಕು ಇಂಗ್ಲಿಷಿನಲ್ಲಿ ಹೇಳಿದ.

ಫೋರ್‌ಮನ್ನರ ಕೈ ಹೊಟ್ಟೆಯಿಂದ ಕದಲಲಿಲ್ಲ. "ಮೊದಲು ಅಲ್ಲಿ ಸಮುದ್ರ ಇತ್ತು. ಪಾಪ, ಇವನಿಗೆ ತನ್ನ ಊರಿನ ಚರಿತ್ರೆಯೇ ಗೊತ್ತಿಲ್ಲ ಮಾರಾಯ."