ಎದೆನೋವಿನ ಪ್ರಶ್ನೆಗೆ ಉತ್ತರ

ನಾನು ಕಲಿಸುವುದು ಗಿಣಿಪಾಠ. ಅದನ್ನು ಮುಚ್ಚಿಟ್ಟುಕೊಂಡವನಲ್ಲ. ಪರದೇಶದ ವೃದ್ಧಾಶ್ರಮಗಳಲ್ಲಿ ಕೆಲಸ ಹಿಡಿಯಬೇಕೆನ್ನುವವರು ಟೈರ್ ಅಂಗಡಿಯ ಮೇಲಿನ ನನ್ನ ಕೋಣೆಗೆ ಮೆಟ್ಟಿಲು ಹತ್ತಿ ಬರುತ್ತಾರೆ. ಹನ್ನೊಂದು ವರ್ಷ ಅದೇ ದೇಶದಲ್ಲಿ ಮುದುಕರ ಮೈ ಒರೆಸಿ ಬಂದವನು ನಾನು. ಅಲ್ಲಿಯವರು ಇಂಟರ್‌ವ್ಯೂನಲ್ಲಿ ಏನು ಕೇಳುತ್ತಾರೆಂಬುದು ನನಗೆ ಅಂಗೈ ಗೆರೆಯಷ್ಟು ಪರಿಚಯ. ಒಟ್ಟು ಇಪ್ಪತ್ತೆರಡು ಪ್ರಶ್ನೆ; ಅವನ್ನೇ ತಿರುಗಿಸಿ ಮುರುಗಿಸಿ ಕೇಳುತ್ತಾರೆ. ಇಪ್ಪತ್ತೆರಡಕ್ಕೂ ಅವರ ಭಾಷೆಯಲ್ಲೇ ಉತ್ತರ ಬರೆದುಕೊಟ್ಟು ಬಾಯಿಪಾಠ ಮಾಡಿಸುತ್ತೇನೆ. ಯೋಚನೆ ಮಾಡುವ ಶಿಷ್ಯರು ನನಗೆ ಆಗಿಬರುವುದಿಲ್ಲ. ಯೋಚಿಸಿದವನು ತಡವರಿಸುತ್ತಾನೆ, ತಡವರಿಸಿದವನಿಗೆ ಕೆಲಸವಿಲ್ಲ. "ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಉತ್ತರ ತಾನಾಗಿ ಬಾಯಿಗೆ ಬರಬೇಕು" ಎಂದು ಮೇಜು ಗುದ್ದಿ ಹೇಳುತ್ತಿದ್ದೆ. ಈಗ ಮೇಜು ಗುದ್ದುವುದಿಲ್ಲ.

ಆಯಮ್ಮ ನನ್ನ ಶಿಷ್ಯೆ. ಅವಳು ಆ ದೇಶ ಸೇರಿ ಐದು ತಿಂಗಳಾಯಿತು. ಇಲ್ಲಿನ ಆಸ್ಪತ್ರೆಯ ಹೆಂಗಸರ ವಾರ್ಡಿನಲ್ಲಿ ಹದಿನಾಲ್ಕು ವರ್ಷ ಆಯಾ ಆಗಿದ್ದವಳು; ಹನ್ನೊಂದು ತಿಂಗಳು ಕೆಲಸ, ಒಂದು ತಿಂಗಳು ಮನೆ, ಮತ್ತೆ ಹೊಸ ಕಾಗದಕ್ಕೆ ಸಹಿ. ಕಾಯಂ ಆಗುವ ಮಾತೇ ಇರಲಿಲ್ಲ. ಗಂಡ ತೀರಿಹೋಗಿ ಒಂಬತ್ತು ವರ್ಷ. ಮಕ್ಕಳಿಲ್ಲ. ಮನೆಯಲ್ಲಿ ಅವಳು, ಅತ್ತೆ, ಇಬ್ಬರೇ.

ಅವಳನ್ನು ನನ್ನ ಹತ್ತಿರ ಎಳೆದುಕೊಂಡು ಬಂದವರು ಆ ಅತ್ತೆಯೇ. ಎಪ್ಪತ್ತು ದಾಟಿದ, ಕಡ್ಡಿಯಂತಹ ಹೆಂಗಸು. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ ಕುರ್ಚಿಯ ಮೇಲೆ ಕೂತವರೇ ಶುರುಮಾಡಿದರು.

"ಮೇಷ್ಟ್ರೇ, ಇವಳಿಗೆ ನಲವತ್ತನಾಲ್ಕು. ನಲವತ್ತೈದು ಆದ್ರೆ ಅವರು ತಗೊಳಲ್ವಂತೆ. ಈ ಸಲ ಬಿಟ್ರೆ ಮುಗೀತು. ಎಣ್ಣೆ ಬಂದಾಗ ಕಣ್ಣು ಮುಚ್ಕೋಬೇಡ ಕಣೇ ಅಂತ ಬಡ್ಕೋತಾ ಇದ್ದೀನಿ, ಕೇಳಲ್ಲ."

"ಅತ್ತೇನ ಒಬ್ಬರನ್ನೇ ಹೆಂಗೆ ಬಿಟ್ಟುಹೋಗ್ಲಿ ಮೇಷ್ಟ್ರೇ?" ಎಂದಳು ಆಯಮ್ಮ.

"ನಾನೇನು ಎಳೇ ಮಗುವಾ? ಎರಡು ವರ್ಷ ಆದ್ಮೇಲೆ ನನ್ನನ್ನೂ ಕರೆಸ್ಕೋ. ನಾನು ಕಣ್ಮುಚ್ಚಿದ ಮೇಲೆ ನಿನಗೆ ಯಾರಿದ್ದಾರೆ ಹೇಳು? ಕೈಯಲ್ಲಿ ಒಂದು ಕಾಯಂ ಕೆಲಸನಾದ್ರೂ ಇರ್ಲಿ."

ಹಾಗೆ ಹೇಳುವಾಗ ಅವರ ದನಿ ಸ್ವಲ್ಪ ಕುಗ್ಗಿತು. ಮಗ ಹೋದ ಮೇಲೆ ಸೊಸೆಯನ್ನು ಹೀಗೆ ಹಚ್ಚಿಕೊಂಡವರನ್ನು ನಾನು ಹೆಚ್ಚು ಕಂಡಿಲ್ಲ.

ಈ ಇಂಟರ್‌ವ್ಯೂ ಅರ್ಧ ಬಾಯಿಯದು, ಅರ್ಧ ಕೈಯದು. ಮಂಚದ ಮೇಲೆ ಯಾರನ್ನಾದರೂ ಮಲಗಿಸಿ, ಹೊರಳಿಸಿ, ಎಬ್ಬಿಸಿ ಕೂರಿಸಿ ತೋರಿಸಬೇಕು. ನಡುವೆ ರೋಗಿ ಒಂದೊಂದು ದೂರು ಹೇಳಬೇಕು, ಅಭ್ಯರ್ಥಿ ಅದಕ್ಕೆ ಉತ್ತರಿಸಬೇಕು. ಎಲ್ಲವೂ ವಿಡಿಯೊ ಕರೆಯಲ್ಲಿ. ಕೈ ಕೆಲಸ ಆಯಮ್ಮನಿಗೆ ನೀರು ಕುಡಿದಷ್ಟು ಸುಲಭ. ಬಾಯಿಯದೇ ಕಷ್ಟ. ಇನ್ನೊಂದು ತೊಂದರೆ ಎಂದರೆ ಅವಳ ಕಣ್ಣು. ಮಾತಾಡುವಾಗ ಅದು ರೋಗಿಯ ಮುಖದ ಕಡೆಗೇ ಹೋಗುತ್ತಿತ್ತು. ನಾನು ತಲೆ ಚಚ್ಚಿಕೊಂಡೆ.

"ಆಯಮ್ಮಾ, ಕೆಲಸ ಕೊಡೋದು ಮಂಚದ ಮೇಲಿರೋರಲ್ಲ. ಉತ್ತರ ಹೇಳುವಾಗ ಕ್ಯಾಮೆರಾ ನೋಡು. ಕ್ಯಾಮೆರಾ ಬಿಟ್ಟು ಕಣ್ಣು ಅಲುಗಬಾರದು."

ಮನೆಯ ಅಭ್ಯಾಸಕ್ಕೆ ರೋಗಿಯಾದವರು ಅತ್ತೆ. ಆಯಮ್ಮ ಆಸ್ಪತ್ರೆಯಿಂದ ಬಂದು ಕೈಕಾಲು ತೊಳೆದುಕೊಂಡ ತಕ್ಷಣ ಮಂಚದ ಆಟ ಶುರು. ಫೋನನ್ನು ಗೂಡಿನಲ್ಲಿ ಸ್ಟೀಲ್ ಡಬ್ಬಿಗೆ ಒರಗಿಸಿಟ್ಟು ರೆಕಾರ್ಡ್ ಮಾಡಿ ನನಗೆ ಕಳಿಸುವುದು, ನಾನು ತಪ್ಪು ತಿದ್ದಿ ಹತ್ತಕ್ಕೆ ಇಷ್ಟು ಎಂದು ಮಾರ್ಕು ಹಾಕುವುದು. ಅತ್ತೆ ಸಿನಿಮಾ ಟಾಕೀಸಿನ ಬಾಗಿಲಲ್ಲಿ ಮೂವತ್ತು ವರ್ಷ ಟಿಕೆಟ್ ಹರಿದವರು. ಸಾಯುವ ಸೀನುಗಳೆಲ್ಲ ಅವರಿಗೆ ಕರತಲಾಮಲಕ. ಹೊಟ್ಟೆನೋವು ಎಂದರೆ ಮಂಚದಿಂದ ಅರ್ಧ ಕೆಳಗೆ ಜಾರುತ್ತಿದ್ದರು. ತಲೆಸುತ್ತು ಎಂದರೆ ಹಣೆಗೆ ಕೈ ಒತ್ತಿ, ಸೂರು ನೋಡಿ, ಸತ್ತ ಮಗನನ್ನೂ ಬದುಕಿರುವ ಪಕ್ಕದ ಮನೆಯವಳನ್ನೂ ಒಟ್ಟಿಗೆ ಕೂಗುತ್ತಿದ್ದರು. ದೂರಿನ ಮಾತುಗಳನ್ನು ಆ ದೇಶದ ಭಾಷೆಯಲ್ಲೇ ಕಲಿತೂ ಬಿಟ್ಟಿದ್ದರು. ಕಡೆಗೆ ಫೋನಿನತ್ತ ತಿರುಗಿ ನನಗೊಂದು ಮಾತು ಇದ್ದೇ ಇರುತ್ತಿತ್ತು.

"ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅಂತಾರಲ್ಲ ಮೇಷ್ಟ್ರೇ, ನೋಡಿ ಹೆಂಗೆ ಹೊರಳಾಡಿಸ್ತಾಳೆ! ನನಗೂ ಮಾರ್ಕ್ಸ್ ಹಾಕಿ."

ನಾನು ಹಾಕುತ್ತಿದ್ದೆ. ಹತ್ತಕ್ಕೆ ನಾಲ್ಕು. "ಅತಿಯಾಯಿತು, ಇಷ್ಟು ಕಿರುಚುವ ರೋಗಿ ಯಾವ ದೇಶದಲ್ಲೂ ಇಲ್ಲ" ಎಂದು ಬರೆದು ಕಳಿಸುತ್ತಿದ್ದೆ. ಅವರು ಮುನಿಸಿಕೊಳ್ಳುತ್ತಿದ್ದರಂತೆ. ಮಾರನೆಯ ದಿನ ಇನ್ನೂ ಜೋರು.

ಇಂಟರ್‌ವ್ಯೂಗೆ ಹದಿನೆಂಟು ದಿನ ಉಳಿದಿತ್ತು. ಅಂದು ಸಂಜೆ ಆರರ ಸುಮಾರಿಗೆ ಬಂದ ವಿಡಿಯೊ ಒಂದು ನಿಮಿಷ ನಲವತ್ತು ಸೆಕೆಂಡಿನದು. ಏಳನೆಯ ಪ್ರಶ್ನೆ, ಎದೆನೋವಿನದು. ಆ ವಿಡಿಯೊದಲ್ಲಿ ಇರುವುದನ್ನು ಇರುವ ಹಾಗೆ ಹೇಳುತ್ತೇನೆ. ಅತ್ತೆ ಮಂಚದ ಮೇಲಿದ್ದಾರೆ. ಆಯಮ್ಮ ಅವರನ್ನು ಎಡಕ್ಕೆ ಹೊರಳಿಸಿ, ದಿಂಬು ಸರಿಮಾಡಿ, ಫೋನಿನ ಕಡೆ ಮುಖಮಾಡಿ ನಿಲ್ಲುತ್ತಾಳೆ. ಅತ್ತೆ ಮೆಲ್ಲಗೆ ಹೇಳುತ್ತಾರೆ, ನಮ್ಮ ಮಾತಿನಲ್ಲೇ: "ಎದೆ ಹಿಡ್ಕೊಂಡಂಗೆ ಆಗ್ತಿದೆ ಕಣೇ."

ಆಯಮ್ಮ ಕ್ಯಾಮೆರಾ ಬಿಟ್ಟು ಕಣ್ಣು ಅಲುಗಿಸುವುದಿಲ್ಲ. "ನಮ್ಮ ಮಾತಲ್ಲಿ ಬೇಡ ಅತ್ತೆ, ಅವರ ಭಾಷೇಲಿ ಹೇಳಿ. ರೆಕಾರ್ಡ್ ಆಗ್ತಾ ಇದೆ."

ಆಮೇಲೆ ಅತ್ತೆ, ಹೇಳಿದ ಹಾಗೆ ಕೇಳುವ ಮಗುವಿನಂತೆ, ಆ ದೇಶದ ಭಾಷೆಯಲ್ಲಿ ಹೇಳುತ್ತಾರೆ: ನನಗೆ ಎದೆ ನೋಯುತ್ತಿದೆ.

ಆಯಮ್ಮ ಅದೇ ಭಾಷೆಯಲ್ಲಿ, ಒಂದಕ್ಷರ ತಪ್ಪದೆ, ನಾನು ಬರೆದುಕೊಟ್ಟ ಉತ್ತರವನ್ನು ಒಪ್ಪಿಸುತ್ತಾಳೆ: ಗಾಬರಿಯಾಗಬೇಡಿ. ನಾನು ನಿಮ್ಮ ಜೊತೆಯಲ್ಲೇ ಇದ್ದೇನೆ. ಒರಗಿ ಕುಳಿತುಕೊಳ್ಳಿ, ಈಗಲೇ ಗಂಟೆ ಒತ್ತಿ ನರ್ಸನ್ನು ಕರೆಯುತ್ತೇನೆ. ಒಪ್ಪಿಸಿ ನಗುತ್ತಾ ಬಂದು ಫೋನು ನಿಲ್ಲಿಸುತ್ತಾಳೆ.

ನಾನು ಒಂದೇ ಸಲ ನೋಡಿದೆ. ಖುಷಿಯಾಗಿ ಬರೆದು ಕಳಿಸಿದೆ: "ಭೇಷ್! ನಿನಗೆ ಹತ್ತಕ್ಕೆ ಒಂಬತ್ತು. ಅತ್ತೆಗೆ ಇವತ್ತು ಹತ್ತಕ್ಕೆ ಹತ್ತು. ಕೊನೆಗೂ ನಟನೆ ಕಲಿತರು."

ಅಷ್ಟು ಹೊತ್ತಿಗೆ ಆಯಮ್ಮ ಅಡುಗೆಮನೆಯಲ್ಲಿ ಒಲೆ ಹಚ್ಚಿ ಅಕ್ಕಿ ತೊಳೆಯುತ್ತಿದ್ದಳು. ನನ್ನ ಉತ್ತರ ಓದಿ, "ಅತ್ತೇ, ಇವತ್ತು ನಿಮಗೆ ಹತ್ತಕ್ಕೆ ಹತ್ತು!" ಎಂದು ಕೂಗಿ ಹೇಳಿದಳಂತೆ. ಮಾತಿಗೆ ಮಾತು ಬರಲಿಲ್ಲವೆಂದು ಒದ್ದೆ ಕೈಯಲ್ಲೇ ಒಳಗೆ ಹೋದಳು. ಪ್ರಜ್ಞೆ ತಪ್ಪಿದ್ದ ಅತ್ತೆಯನ್ನು ಹಿಂದಿನ ರಸ್ತೆಯ ಆಟೊದಲ್ಲಿ ಹಾಕಿಕೊಂಡು ತನ್ನದೇ ಆಸ್ಪತ್ರೆಗೆ, ತನ್ನದೇ ವಾರ್ಡಿಗೆ ಒಯ್ದಳು. ಅಷ್ಟರಲ್ಲಿ ಎಲ್ಲ ಮುಗಿದಿತ್ತು. "ಇನ್ನೂ ಸ್ವಲ್ಪ ಮುಂಚೆ ತಂದಿದ್ರೆ ಉಳೀತಿದ್ರಾ?" ಎಂದು ಅವಳು ಡಾಕ್ಟರನ್ನು ಕೇಳಿದಳಂತೆ. "ಉಳೀತಿದ್ರು ಅಂತಾನೂ ಹೇಳಕ್ಕಾಗಲ್ಲ, ಇಲ್ಲ ಅಂತಾನೂ ಹೇಳಕ್ಕಾಗಲ್ಲ" ಎಂದರಂತೆ ಅವರು. ಪಾಪ, ಅವರಾದರೂ ಇನ್ನೇನು ಹೇಳಬೇಕಿತ್ತು?

ಮಾರನೆಯ ದಿನ ವಿಡಿಯೊವನ್ನು ಮತ್ತೆ ನೋಡಿದೆ. ಅತ್ತೆಯ ಮೇಲ್ದುಟಿಯ ಮೇಲೆ ಬೆವರಿತ್ತು. ಎಡಗೈ ಬೆರಳುಗಳು ಹೊದಿಕೆಯನ್ನು ಹಿಂಡುತ್ತಿದ್ದವು. ನಿಜವಾದ ನೋವು ಬೊಬ್ಬೆ ಹಾಕುವುದಿಲ್ಲ, ಅದು ದನಿ ತಗ್ಗಿಸುತ್ತದೆ. ಹನ್ನೊಂದು ವರ್ಷ ಮುದುಕರ ಮಂಚದ ಪಕ್ಕದಲ್ಲಿ ಕೂತವನಿಗೆ ಇದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಆಯಮ್ಮ ಕ್ಯಾಮೆರಾ ನೋಡುತ್ತಿದ್ದಳು, ನಾನು ನೋಡಲು ಹೇಳಿದ್ದರಿಂದ. ಅತ್ತೆಯ ಮುಖ ನೋಡುವ ಜಾಗದಲ್ಲಿ ಇದ್ದವನು ನಾನೊಬ್ಬನೇ. ನಾನು ಮಾರ್ಕು ಹಾಕಿದೆ.

ಅವಳ ಮನೆಗೆ ಹೋಗಿ ಇದನ್ನೆಲ್ಲ ಹೇಳಿದೆ. ಬೈಯುತ್ತಾಳೆ, ಬೈದರೆ ಒಳ್ಳೆಯದು ಅಂದುಕೊಂಡಿದ್ದೆ. ಅವಳು ಬೈಯಲಿಲ್ಲ. ಮಂಚದ ಮೇಲಿನ ಹೊದಿಕೆಯನ್ನು ಮಡಿಸಿದ್ದನ್ನೇ ಮತ್ತೆ ಬಿಚ್ಚಿ ಮಡಿಸುತ್ತಿದ್ದಳು.

"ಅವರ ಭಾಷೇಲಿ ಹೇಳಿ ಅಂದೆ ಮೇಷ್ಟ್ರೇ" ಎಂದಳು. "ಹೇಳಿದ್ರು. ಅಂಥ ನೋವಲ್ಲೂ ಹೇಳಿದ್ರು, ನನಗೆ ಕೆಲಸ ಸಿಗ್ಲಿ ಅಂತ."

ನನಗೆ ಅಳು ತಡೆಯಲಾಗಲಿಲ್ಲ. ಅವಳೇ ಎದ್ದು ನೀರು ತಂದುಕೊಟ್ಟಳು.

ಇಂಟರ್‌ವ್ಯೂಗೆ ಬರುವುದಿಲ್ಲ ಎಂದುಕೊಂಡಿದ್ದೆ. ಹೇಳಿದ ಹೊತ್ತಿಗೆ ಮೆಟ್ಟಿಲು ಹತ್ತಿ ಬಂದಳು. ಇಸ್ತ್ರಿ ಮಾಡಿದ ಸೀರೆ, ಕೆಂಪಗಿದ್ದ ಕಣ್ಣು. "ಅತ್ತೆ ಕಳಿಸ್ತಿರೋದು. ಹೋಗದೆ ಇದ್ರೆ ಅವರು ಸುಮ್ಮನಿರ್ತಾರಾ?" ಎಂದಳು. ಆಮೇಲೆ, "ಆದ್ರೆ ಏಳನೇ ಪ್ರಶ್ನೆಗೆ ಆ ಉತ್ತರ ನನ್ನ ಬಾಯಲ್ಲಿ ಇನ್ನೊಂದು ಸಲ ಬರಲ್ಲ. ಮೊದಲು ರೋಗಿ ಮುಖ ನೋಡ್ತೀನಿ ಅಂತ ಹೇಳ್ತೀನಿ. ಅದನ್ನ ಅವರ ಭಾಷೇಲಿ ಹೇಳ್ಕೊಡಿ" ಎಂದಳು. ಹೇಳಿಕೊಟ್ಟೆ. ಚಿಕ್ಕ ವಾಕ್ಯ. ಹತ್ತು ಸಲ ಹೇಳಿಸಿದೆ, ಹತ್ತು ಸಲವೂ ಸರಿಯಾಗಿ ಹೇಳಿದಳು.

ರೋಗಿ ಬೇಕಿತ್ತು. ಕೋಣೆಯಲ್ಲಿ ಅಭ್ಯಾಸಕ್ಕೆಂದೇ ಇಟ್ಟಿದ್ದ ಮಂಚದ ಮೇಲೆ ನಾನೇ ಮಲಗಿದೆ. ಪರದೆಯ ಮೇಲೆ ಕನ್ನಡಕದ ಹೆಂಗಸೊಬ್ಬಳು ಬಂದಳು, ಆ ವೃದ್ಧಾಶ್ರಮದ ಮೇಲ್ವಿಚಾರಕಿ. ನಯವಾಗಿಯೇ ಕೇಳುತ್ತಾ ಹೋದಳು. ಆಯಮ್ಮ ನನ್ನನ್ನು ಹೊರಳಿಸಿದಳು, ಎಬ್ಬಿಸಿ ಕೂರಿಸಿದಳು, ಮತ್ತೆ ಮಲಗಿಸಿದಳು. ಅವಳ ಕೈ ತಣ್ಣಗಿತ್ತು. ಆ ಪ್ರಶ್ನೆ ಒಂದು ಬಾರದಿರಲಿ ಎಂದು ನಾನು ಕಣ್ಣು ಮುಚ್ಚಿಕೊಂಡು ಬೇಡಿಕೊಳ್ಳುತ್ತಿದ್ದೆ. ಬಂತು. ರೋಗಿ ಎದೆನೋವು ಎಂದರೆ ಏನು ಮಾಡುತ್ತೀರಿ?

ಆಯಮ್ಮ ಒಮ್ಮೆ ಉಸಿರೆಳೆದುಕೊಂಡಳು. ನಾನು ಕಣ್ಣು ಬಿಟ್ಟು ಅವಳನ್ನೇ ನೋಡಿದೆ. ಅವಳು ಕ್ಯಾಮೆರಾ ನೋಡುತ್ತಿದ್ದಳು.

"ಗಾಬರಿಯಾಗಬೇಡಿ," ಎಂದಳು, ಆ ಭಾಷೆಯಲ್ಲಿ. "ನಾನು ನಿಮ್ಮ ಜೊತೆಯಲ್ಲೇ ಇದ್ದೇನೆ. ಒರಗಿ ಕುಳಿತುಕೊಳ್ಳಿ, ಈಗಲೇ ಗಂಟೆ ಒತ್ತಿ ನರ್ಸನ್ನು ಕರೆಯುತ್ತೇನೆ." ಒಂದಕ್ಷರ ತಪ್ಪಲಿಲ್ಲ.

ಕನ್ನಡಕದ ಹೆಂಗಸು ತಲೆದೂಗಿ, ತುಂಬಾ ಚೆನ್ನಾಗಿ ಹೇಳಿದಿರಿ ಎಂದಳು. ಏನೋ ಬರೆದುಕೊಂಡಳು. ಮುಂದಿನ ತಿಂಗಳ ಕೊನೆಯಲ್ಲಿ ಬರಲು ಸಾಧ್ಯವೇ ಎಂದು ಕೇಳಿದಳು. ಸಾಧ್ಯ ಎಂದಳು ಆಯಮ್ಮ. ಪರದೆ ಕಪ್ಪಾಯಿತು.

ನಾನು ಮಂಚದ ಮೇಲೆ ಎದ್ದು ಕೂತೆ. ಅವಳು ಇನ್ನೂ ಫೋನಿನ ಕಡೆಗೇ ತಿರುಗಿ ನಿಂತಿದ್ದಳು.

"ಅದನ್ನ ಹೇಳಬಾರದು ಅಂತಾನೇ ಇದ್ದೆ ಮೇಷ್ಟ್ರೇ" ಎಂದಳು. "ನೀವು ಹೇಳ್ತಿದ್ರಲ್ಲ, ಹಂಗೇ ಆಯ್ತು. ತಾನಾಗಿ ಬಾಯಿಗೆ ಬಂದುಬಿಡ್ತು."