ಡಾಂಬರು ರಸ್ತೆಗೆ ಸಗಣಿ ಸಾರಿಸಿದ್ದು

ನಮ್ಮ ಯಜಮಾನರು ನಿಂತು ಹಾಕಿಸಿದ ಮೊದಲ ಡಾಂಬರು ರಸ್ತೆಗೆ ನಮ್ಮ ಅತ್ತೆ ಸಗಣಿ ಸಾರಿಸಿದರು. ಈಗ ಹೇಳಿದರೆ ಮೊಮ್ಮಕ್ಕಳು ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಅವತ್ತು ನನಗೆ ಕೈಕಾಲೇ ಆಡಲಿಲ್ಲ.

ಐವತ್ತರ ದಶಕದ ಮೊದಮೊದಲ ವರ್ಷಗಳು. ಬಸವನಗುಡಿ ಮುಗಿದು ತ್ಯಾಗರಾಜನಗರ ಶುರುವಾಗುವ ಕಡೆ ನಮ್ಮ ಬಾಡಿಗೆ ಮನೆ. ಮುಂದಿನದು ಮಣ್ಣಿನ ರಸ್ತೆ. ಮಳೆ ಬಂದರೆ ಜಟಕಾದವರು ದೂರದಲ್ಲೇ ನಮ್ಮನ್ನು ಇಳಿಸಿ ಕೈಮುಗಿದುಬಿಡುತ್ತಿದ್ದರು. ಅದನ್ನು ಅಗಲ ಮಾಡಿ, ಜಲ್ಲಿ ಹಾಸಿ, ಡಾಂಬರು ಹಾಕುವ ಕೆಲಸಕ್ಕೆ ನಮ್ಮ ಯಜಮಾನರೇ ಓವರ್‌ಸಿಯರ್ ಆಗಿ ಬಂದರು. ಹೆಸರಿಗೆ ಓವರ್‌ಸಿಯರ್, ನೌಕರಿ ಮಾತ್ರ ಹಂಗಾಮಿ. ಈ ರಸ್ತೆ ದೊಡ್ಡ ಎಂಜಿನಿಯರ್ ಸಾಹೇಬರ ಕಣ್ಣಿಗೆ ಒಪ್ಪಿದರೆ ಕಾಯಂ, ಒಪ್ಪದಿದ್ದರೆ ಮನೆ ದಾರಿ ಹಿಡಿಯುವುದು. ಮಾರ್ಕೆಟ್ಟಿನಲ್ಲಿ ಸೊಪ್ಪು ಮಾರಿ ಒಬ್ಬನೇ ಮಗನನ್ನು ಓದಿಸಿದ ನಮ್ಮತ್ತೆಗೆ ಇದೊಂದು ಬಿಟ್ಟು ಬೇರೆ ಯೋಚನೆಯೇ ಇರಲಿಲ್ಲ.

ಕೆಲಸ ಮುಗಿಯಿತು, ಸಾಹೇಬರು ಬಂದು ನೋಡಿ ರಸ್ತೆ ತೆರೆಯುವ ದಿನವೂ ಗೊತ್ತಾಯಿತು. ಅದರ ಹಿಂದಿನ ದಿನ ಎಲ್ಲರೂ ಸೇರಿ ಒಂದು ಸಂತೋಷಕೂಟ ಮಾಡೋಣವೆಂದು ನಮ್ಮ ಬೀದಿಯವರು ಅಂದರು. ಎರಡು ಕೊನೆಗೂ ಡಾಂಬರು ಪೀಪಾಯಿ ಅಡ್ಡ ಇಟ್ಟಿದ್ದರಿಂದ ಗಾಡಿಯ ಕಾಟವಿಲ್ಲ. ಎದುರುಮನೆಯ ಜವಳಿ ಅಂಗಡಿಯವರು ವಾಲಗದವರನ್ನು ಗೊತ್ತುಮಾಡಿದರು. ಕೋಸಂಬರಿ, ಪಾನಕ ನನ್ನ ಪಾಲಿಗೆ ಬಂತು. ನಮ್ಮ ಯಜಮಾನರು ಮಾರನೆಯ ದಿನದ ಏರ್ಪಾಡಿಗೆಂದು ಬೆಳಿಗ್ಗೆಯೇ ಆಫೀಸಿಗೆ ಹೋದರು.

ಹೆಂಗಸರಿಗೆ ರಸ್ತೆಯ ಉದ್ದಕ್ಕೂ ರಂಗೋಲಿ ಹಾಕುವ ಆಸೆ. ಸಾರಿಸದ ನೆಲದ ಮೇಲೆ ರಂಗೋಲಿ ಹಾಕುವುದುಂಟೇ ಎಂದು ಅತ್ತೆ ಎತ್ತಿದ ಮಾತಿಗೆ ಒಬ್ಬರೂ ಎದುರಾಡಲಿಲ್ಲ. ಹಸು ಕಟ್ಟಿದ ಮನೆಗಳಿಂದ ಸಗಣಿ ಬಂತು. ಅಡುಗೆಮನೆಯಲ್ಲಿ ಸೌತೆಕಾಯಿ ಹೆಚ್ಚುತ್ತಿದ್ದ ನಾನು ಕೈ ಒರೆಸಿಕೊಂಡು ಹೊರಗೆ ಬರುವಷ್ಟರಲ್ಲಿ, ಕನ್ನಡಿ ಹಾಗೆ ಹೊಳೆಯುತ್ತಿದ್ದ ಕರೀ ರಸ್ತೆ ಮುಕ್ಕಾಲುಪಾಲು ಮಾಯ. ಹಸಿರು ಬಣ್ಣದ ಅಂಗಳವೊಂದು ಬೀದಿಯ ತುದಿಯತ್ತ ಹಾಸಿಕೊಳ್ಳುತ್ತಿತ್ತು. ಅತ್ತೆ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು ಸೈನ್ಯ ನಡೆಸುವವರಂತೆ ಪೊರಕೆ ಹಿಡಿದು ಮುಂದೆ ಮುಂದೆ ಹೋಗುತ್ತಿದ್ದರು. ಅವರನ್ನು ತಡೆಯುವ ಗಂಡಸೇ ಆ ಬೀದಿಯಲ್ಲಿರಲಿಲ್ಲ, ಇನ್ನು ಸೊಸೆ ಯಾವ ಲೆಕ್ಕ.

ಮಧ್ಯಾಹ್ನ ಯಜಮಾನರು ಬಂದರು. ಪೀಪಾಯಿಯ ಹತ್ತಿರವೇ ಸೈಕಲ್ಲಿನಿಂದ ಇಳಿದು, ದಾರಿ ತಪ್ಪಿ ಬಂದವರ ಹಾಗೆ ನಿಂತರು. ಕೂಗಾಡಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಅವರು ಮೆಲ್ಲಗೆ ತಾಯಿಯ ಹತ್ತಿರ ಹೋದರು.

"ಅಮ್ಮಾ, ನಾಳೆ ಬೆಳಿಗ್ಗೆ ಸಾಹೇಬರು ಬರ್ತಾರೆ. ಅವರಿಗೆ ನಾನು ಏನಂತ ತೋರಿಸ್ಲಿ?"

ಅತ್ತೆಯ ಮುಖದ ಬಣ್ಣ ಇಳಿದುಹೋಯಿತು. ಕೊಡ ಎತ್ತಿಕೊಂಡು ಜವಳಿ ಅಂಗಡಿಯವರ ಮನೆಯ ಬಾವಿಗೆ ಹೋದರು. ನಾನೂ ಹಿಂದೆ ಓಡಿದೆ. ನಮ್ಮನ್ನು ನೋಡಿ ಉಳಿದವರೂ ಬಂದರು. ಸಾರಿಸಿದ ಕೈಗಳೇ ತೊಳೆಯಲು ನಿಂತವು. ಬಾವಿಯಿಂದ ರಸ್ತೆಯವರೆಗೆ ಕೊಡ, ಬಕೆಟ್ಟು, ಹಂಡೆ, ಸಿಕ್ಕಿದ್ದೆಲ್ಲ ಕೈಯಿಂದ ಕೈಗೆ ದಾಟಿತು. ಕೂಟಕ್ಕೆಂದು ರೇಷ್ಮೆಪಂಚೆ ಉಟ್ಟಿದ್ದ ಬೀದಿಯ ಗಂಡಸರು ಪಂಚೆ ಎತ್ತಿ ಕಟ್ಟಿ ಪೊರಕೆ ಹಿಡಿದರು. ಇಷ್ಟರ ನಡುವೆ ಬಂದ ವಾಲಗದವರಿಗೆ ಏನು ಮಾಡಬೇಕೆಂದು ಯಾರೂ ಹೇಳಲಿಲ್ಲ. ಪಾಪ, ಅವರು ಪೀಪಾಯಿಗಳ ಮೇಲೆ ಕುಳಿತು ನುಡಿಸಿಯೇಬಿಟ್ಟರು. ವಾಲಗಕ್ಕೆ ತಕ್ಕಂತೆ ಪೊರಕೆ ಆಡತೊಡಗಿದಾಗ ಯಾರೋ ನಕ್ಕರು, ಆಮೇಲೆ ಎಲ್ಲರೂ ನಕ್ಕರು. ನಿಜಕ್ಕೂ ಸಂತೋಷಕೂಟ ನಡೆದದ್ದು ಆಗಲೇ. ನಗದಿದ್ದವರು ಅತ್ತೆಯೊಬ್ಬರೇ.

ರಸ್ತೆ ಮತ್ತೆ ಕರ್ರಗಾಯಿತು. ತೊಳೆದ ನೀರೆಲ್ಲ ಎರಡು ಪಕ್ಕದ ಚರಂಡಿಗೆ ಸರಿಯಾಗಿ ಹರಿದುಹೋಯಿತು. ಆದರೆ ಜವಳಿ ಅಂಗಡಿಯವರ ಗೇಟಿನ ಮುಂದೆ, ಒಂದು ಚಾಪೆಯಗಲದಷ್ಟು ನೀರು ಮಾತ್ರ ಕದಲದೆ ನಿಂತಿತು. ಯಜಮಾನರು ಅಲ್ಲೇ ಕುಕ್ಕರಗಾಲಿನಲ್ಲಿ ಕೂತು ನೋಡಿದರು. ಒಣಗಿದ್ದಾಗ ಕಣ್ಣಿಗೆ ಬೀಳದ ತಗ್ಗು ಅದು. ಹೊಸ ರಸ್ತೆ ನೋಡಲು ಬಂದರೆ ಅಲ್ಲಲ್ಲಿ ಬಿಂದಿಗೆ ನೀರು ಸುರಿಸಿ ನೋಡುವುದು ಸಾಹೇಬರ ಪದ್ಧತಿಯಂತೆ. ನೀರು ನಿಂತರೆ ಕೆಲಸ ಕಳಪೆಯೆಂದೇ ಅರ್ಥ.

ಪುಣ್ಯಕ್ಕೆ ಡಾಂಬರು ಹಾಕಿದ ಕೂಲಿಯವರು ಪಾನಕ ಕುಡಿಯಲೆಂದು ಅಲ್ಲೇ ಇದ್ದರು, ಮಿಕ್ಕ ಜಲ್ಲಿ, ಡಾಂಬರೂ ಅವರ ಶೆಡ್ಡಿನಲ್ಲಿತ್ತು. ನೀರು ಬಳಿದು, ಬಟ್ಟೆಯಿಂದ ಒರೆಸಿ, ಕೆಂಡ ಇಟ್ಟು ಒಣಗಿಸಿ, ಹೊತ್ತು ಮುಳುಗುವುದರೊಳಗೆ ಆ ತಗ್ಗು ತುಂಬಿ ಬಡಿದು ಸಮ ಮಾಡಿದರು. ಯಜಮಾನರು ಊಟ ಬೇಡವೆಂದರು. ಅತ್ತೆಯೂ ಊಟ ಮಾಡಲಿಲ್ಲ.

ಬೆಳಿಗ್ಗೆ ಸಾಹೇಬರ ಕಾರು ಬಂತು. ನಾವು ಹೆಂಗಸರು ಕಿಟಕಿ ಸಂದಿಯಿಂದ ನೋಡುತ್ತಿದ್ದೆವು. ಸಾಹೇಬರು ಮೊದಲ ತಿರುವಿನಲ್ಲಿ ನೀರು ಸುರಿಸಿದರು, ಹರಿಯಿತು. ಜವಳಿ ಅಂಗಡಿಯವರ ಮನೆ ಮುಂದೆ ಬಂದು ಮತ್ತೆ ಸುರಿಸಿದರು. ನಾನು ಅತ್ತೆಯ ಕೈ ಹಿಡಿದುಕೊಂಡೆ. ನೀರು ಒಂದು ಗಳಿಗೆ ಹಿಂದುಮುಂದು ನೋಡಿ, ಸರ್ರನೆ ಚರಂಡಿಗೆ ಇಳಿಯಿತು. ಸಾಹೇಬರು ತಲೆಯಾಡಿಸಿ ಮುಂದೆ ನಡೆದರು. ಇವತ್ತಿಗೂ ನೆನೆದರೆ ನನ್ನ ಎದೆಯ ಭಾರ ಇಳಿದಂತಾಗುತ್ತದೆ.

ಕಾರು ಹೋದಮೇಲೆ ಯಜಮಾನರು ನೇರವಾಗಿ ಅಡುಗೆಮನೆಗೆ ಬಂದು ಗೋಡೆಗೆ ಒರಗಿ ಕೂತರು. ಎಲೆ ಹಾಕು ಎಂದು ನನಗೆ ಹೇಳಿ, ಬಾಗಿಲಲ್ಲಿ ನಿಂತಿದ್ದ ತಾಯಿಯ ಕಡೆ ತಿರುಗಿದರು.

"ಕಾಯಂ ಮಾಡ್ತಾರಂತೆ ಅಮ್ಮಾ."

ಸೊಪ್ಪಿನ ಬುಟ್ಟಿ ಹೊತ್ತು ಎಷ್ಟೋ ಕಷ್ಟ ಕಂಡ ಹೆಂಗಸು ನಮ್ಮತ್ತೆ. ಅವರು ಅತ್ತದ್ದನ್ನು ನಾನು ಅಲ್ಲಿಯವರೆಗೂ ಕಂಡಿರಲಿಲ್ಲ.

"ನಿನ್ನ ಅನ್ನ ನಾನೇ ಕಿತ್ಕೊಂಡ್ಬಿಟ್ಟೆ ಅಂತಿದ್ದೆ ಕಣೋ."

"ನೀನು ಸಾರಿಸ್ದೆ ಇದ್ದಿದ್ರೆ ಆ ತಗ್ಗು ನನಗೆ ಕಾಣ್ತಾನೇ ಇರ್ಲಿಲ್ಲ," ಎಂದರು ಯಜಮಾನರು. ಪಕ್ಕದಲ್ಲಿದ್ದ ಮಣೆಯನ್ನು ತಾಯಿಯ ಕಡೆ ಸರಿಸಿದರು.

ಗಂಡಸರ ಊಟ ಮುಗಿಯುವ ಮುಂಚೆ ಹೆಂಗಸರು ಊಟಕ್ಕೆ ಕೂರುವ ರೂಢಿ ನಮ್ಮ ಮನೆಯಲ್ಲಿರಲಿಲ್ಲ. ಅತ್ತೆ ಒಂದು ಕ್ಷಣ ಮಣೆಯನ್ನು ನೋಡಿದರು, ಆಮೇಲೆ ಮಗನ ಪಕ್ಕ ಬಂದು ಕೂತರು. ನಾನು ಇನ್ನೊಂದು ಎಲೆ ಹಾಕಿ ಇಬ್ಬರಿಗೂ ಬಡಿಸಿದೆ.