ಪೆಟ್ಟಿಗೆಗೆ ಹಚ್ಚಿದ ವಿಭೂತಿ

ನನ್ನ ಸೊಸೆ ದಂಡಿನಶಿವರದ ಕಡೆಯವಳು, ಎಲೆಕ್ಟ್ರಾನಿಕ್ಸ್ ಓದಿದವಳು. ತಿಪಟೂರಿನಲ್ಲಿ ಒಂದು ಮಳಿಗೆ ಹಿಡಿದು, ಇಬ್ಬರು ಹುಡುಗಿಯರನ್ನು ಕೆಲಸಕ್ಕಿಟ್ಟುಕೊಂಡು ಸೋಪಿನ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆ ಮಾಡುತ್ತಿದ್ದಳು. ಕೊಬ್ಬರಿ ಅಟ್ಟದಲ್ಲಿ ಅದನ್ನು ಕಟ್ಟಿದರೆ ಗಾಳಿಯ ತೇವ ಎಷ್ಟಿದೆಯೆಂದು ಫೋನಿಗೆ ತಿಳಿಸುತ್ತದೆ. ನಮ್ಮಲ್ಲಿ ತೆಂಗಿನಕಾಯಿ ವರ್ಷದ ಹತ್ತಿರ ಅಟ್ಟದಲ್ಲೇ ಕೂತು ಕೊಬ್ಬರಿಯಾಗಬೇಕು. ಮಳೆಗಾಲದಲ್ಲಿ ತೇವ ಏರಿದರೆ ಕೆಳಗೆ ತೆಂಗಿನ ಮಟ್ಟೆ ಸುಟ್ಟು ಹೊಗೆ ಕೊಡಬೇಕು, ಇಲ್ಲದಿದ್ದರೆ ಬೂಷ್ಟು ಹಿಡಿಯುತ್ತದೆ. ಮೊದಲ ಪೆಟ್ಟಿಗೆ ಕಟ್ಟಿದ್ದು ನಮ್ಮ ಅಟ್ಟಕ್ಕೇ. ನನಗೋ ಮಂಡಿನೋವು. ಏಣಿ ಹತ್ತುವುದು ತಪ್ಪಿತಲ್ಲ ಎಂದು ಹಿಗ್ಗಿದೆ.

ಆಯುಧಪೂಜೆಯ ದಿನ ನಮ್ಮ ಮನೆಯಲ್ಲಿ ಮಚ್ಚಿನಿಂದ ಟ್ರ್ಯಾಕ್ಟರಿನ ತನಕ ಯಾವುದನ್ನೂ ಬಿಡುವುದಿಲ್ಲ. ನಮ್ಮ ಮನೆಯವಳು ಮಿಕ್ಸಿಗೂ ಬೊಟ್ಟಿಟ್ಟಳು. ಆಗ ಅಟ್ಟದ ಪೆಟ್ಟಿಗೆ ನೆನಪಾಯಿತು. ಎಲ್ಲಕ್ಕೂ ಮಾಡಿ ಸೊಸೆಯದಕ್ಕೆ ಮಾಡದಿದ್ದರೆ ಹೇಗೆ? ಅವಳು ಮಳಿಗೆಯ ಪೂಜೆಗೆಂದು ಹೋಗಿದ್ದಳು. ಮಂಡಿ ಹಿಡಿದುಕೊಂಡು ಏಣಿ ಹತ್ತಿದೆ. ವಿಭೂತಿ ಕಲಸಿ ಮೂರು ಬೆರಳಲ್ಲಿ ದಪ್ಪಗೆ ಎಳೆದೆ, ನಡುವೆ ಕುಂಕುಮ ಒತ್ತಿದೆ, ಮೇಲೊಂದು ಸೇವಂತಿಗೆ ಸಿಕ್ಕಿಸಿದೆ. ಮುಂಭಾಗದಲ್ಲಿ ಸಣ್ಣ ಸಣ್ಣ ತೂತುಗಳಿದ್ದದ್ದು ಕಂಡಿತ್ತು. ಅದು ಅದರ ಮೂಗು ಎಂದು ನನಗೆ ಹೊಳೆಯಲಿಲ್ಲ.

ಹಬ್ಬದ ಮೇಲೆ ಜಡಿಮಳೆ ಹಿಡಿಯಿತು. ಫೋನು ಮಾತ್ರ ದಿನವೂ ಅಟ್ಟ ಒಣಗಿದೆ ಎನ್ನುತ್ತಿತ್ತು. ನಾವು ಹೊಗೆ ಹಾಕಲಿಲ್ಲ.

ಆಮೇಲೆ ಸರ್ಕಾರದ ಒಂದು ಸಮಿತಿಯವರು ನಮ್ಮ ಮನೆಗೆ ಬಂದರು. ನಮ್ಮ ಸೀಮೆಗೆ ಯಾವ ಹೊಸ ತಂತ್ರಜ್ಞಾನದ ಉದ್ಯಮ ಒಗ್ಗುತ್ತದೆಂದು ನೋಡಲು ಬಂದವರು. ತೆಂಗಿನ ಚಿಪ್ಪಿನ ಇದ್ದಿಲಿನಿಂದ ಬ್ಯಾಟರಿ ಸಾಮಾನು, ಔಷಧಿ ಹೊಡೆಯುವ ಡ್ರೋನು, ಸೊಸೆಯ ಪೆಟ್ಟಿಗೆ, ಹೀಗೆ ಅವರ ಮುಂದೆ ಹಲವಿದ್ದವು. ಆಯ್ಕೆಯಾದರೆ ಅವಳಿಗೆ ಅವರ ಸಂಶೋಧನಾ ಕೇಂದ್ರದಲ್ಲಿ ಜಾಗ. ಇಲ್ಲದಿದ್ದರೆ ಮಳಿಗೆ ಮುಚ್ಚುವುದೇ ಸರಿ ಎಂದು ಅವಳು ಮೊದಲೇ ಹೇಳಿದ್ದಳು.

ಅವಳು ಫೋನು ತೋರಿಸಿದಳು. ಅವರಲ್ಲಿ ಹಿರಿಯರೊಬ್ಬರು, "ಒಂದು ಕಾಯಿ ಒಡೆದು ನೋಡೋಣ್ವಾ?" ಎಂದರು. ನಾನೇ ಠೀವಿಯಿಂದ ಆಳಿನ ಕೈಲಿ ಕಾಯಿ ಇಳಿಸಿ, ಸುಲಿಸಿ, ಒಡೆಸಿದೆ. ಒಳಗೆಲ್ಲ ಬೂಷ್ಟು. ಇನ್ನೊಂದು ಒಡೆದರೂ ಅದೇ.

ಸೊಸೆ ಅಟ್ಟ ಹತ್ತಿ ಇಳಿದು ಬಂದಳು. ಅವಳ ಬೆರಳ ತುದಿ ಬೆಳ್ಳಗಿತ್ತು, ಮುಷ್ಟಿಯಲ್ಲಿ ಬಾಡಿದ ಸೇವಂತಿಗೆ. "ನನ್ನ ಡಿಸೈನಲ್ಲೇ ತಪ್ಪಿದೆ ಸರ್. ಧೂಳು ಕೂತು ತೂತು ಮುಚ್ಚಿಹೋಗಿದೆ" ಎಂದಳು. ನನ್ನ ಕಡೆ ನೋಡಲೂ ಇಲ್ಲ. ನಾನು ಕುರ್ಚಿಯಲ್ಲಿ ಪಂಚೆ ಸರಿಮಾಡಿಕೊಳ್ಳುತ್ತ ಕೂತಿದ್ದೆ. 'ಬಳ್ದಿದ್ದು ನಾನು ಕಣ್ರೀ' ಎಂದರೆ ಸಾಕಿತ್ತು. ಊರಿನ ನಾಲ್ಕು ಜನ ನಿಂತಿದ್ದರು, ಅವರೆದುರು ದಡ್ಡನಾಗಲು ನನಗೆ ಮನಸ್ಸು ಬರಲಿಲ್ಲ. ಹಾಗಾಗಿ ಅವಳು ದಡ್ಡಿಯಾದಳು. ಮಾಡಿದ್ದುಣ್ಣೋ ಮಹಾರಾಯ ಅನ್ನುತ್ತಾರೆ. ನಮ್ಮ ಮನೆಯಲ್ಲಿ ಮಾಡಿದ್ದು ನಾನು, ಉಂಡದ್ದು ಅವಳು.

ಇದ್ದಿಲು ಆಯ್ಕೆಯಾಯಿತು, ಡ್ರೋನು ಆಯ್ಕೆಯಾಯಿತು. ಪೆಟ್ಟಿಗೆ ಆಗಲಿಲ್ಲ. ಹಾಲಿನ ಡೈರಿ ಹತ್ತಿರ ಗೆಳೆಯನೊಬ್ಬ, "ನಿನ್ ಸೊಸೆ ಮಿಷನ್ನು ಕೈ ಕೊಡ್ತಂತಲ್ಲಾ?" ಎಂದು ಕೇಳಿದ.

"ಹೊಸ್ದು ಕಣ್ಲಾ, ಹಂಗೇ ಆಗೋದು, ಬುಡು" ಎಂದೆ. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಮೊನ್ನೆ ಅವಳು ಹೊಸ ಪೆಟ್ಟಿಗೆಯೊಂದನ್ನು ನನ್ನ ಕೈಗೆ ಕೊಟ್ಟಳು. ಮಳಿಗೆಯ ಬೋರ್ಡು ಆಗಲೇ ಇಳಿದಿತ್ತು. ಇದನ್ನು ನಮ್ಮ ನಡುಮನೆಯಲ್ಲೇ ಕೂತು ಮಾಡಿದ್ದಳು. ತೂತುಗಳೆಲ್ಲ ತಳಭಾಗಕ್ಕೆ ಹೋಗಿದ್ದವು. ಮುಂಭಾಗ ಮೂರು ಬೆರಳು ಆಡುವಷ್ಟು ನುಣ್ಣಗೆ ಬರಿದಾಗಿತ್ತು.

"ಇದ್ಯಾಕಮ್ಮ ಇಷ್ಟು ಜಾಗ ಬುಟ್ಟಿದ್ದೀಯ?"

"ವಿಭೂತಿಗೆ ಮಾವ. ಮುಂದಿನ ಹಬ್ಬಕ್ಕೆ ಇಲ್ಲಿಗೇ ಹಚ್ಚಿ."

ದನಿಯಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ರೇಗಿಯಾದರೂ ಹಗುರಾಗುತ್ತಿದ್ದೆ. "ಹೂಂ ಕಣಮ್ಮ" ಎಂದೆ. ತಪ್ಪಾಯಿತು ಎನ್ನುವ ಮಾತು ಈ ಹೊತ್ತಿಗೂ ನನ್ನ ಗಂಟಲು ದಾಟಿಲ್ಲ.